ತಾಟು ತೊಳೆದ ನೀರು

ಆ ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಬಡಿಯುವವಳಿಗೆ ಫೋನು ಎತ್ತಲು ಕೈ ಖಾಲಿ ಇರುವುದಿಲ್ಲ ಎಂಬುದು ಫೋನು ಮಾಡುವವರಿಗೆ ಎಂದೂ ಹೊಳೆಯುವುದಿಲ್ಲ. ಎರಡೂ ಅಂಗೈಗೆ ಜೋಳದ ಹಿಟ್ಟು. ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು, ಇನ್ನೊಂದು ಅರ್ಧ ಅಗಲವಾಗಿ ಕೈಕೆಳಗೆ ತಿರುಗುತ್ತಿತ್ತು. ನಾನು ಬಗ್ಗಿ ಮೂಗಿನ ತುದಿಯಿಂದ ಫೋನು ಎತ್ತಿದೆ. ನಗಬೇಡಿ. ಹಿಟ್ಟು ಹತ್ತಿದ ಬೆರಳಿಗೆ ಬಗ್ಗದ ಈ ಫೋನುಗಳು ಮೂಗಿಗೆ ಚೆನ್ನಾಗಿ ಬಗ್ಗುತ್ತವೆ. ಬೇಕಾದರೆ ಮಾಡಿ ನೋಡಿ.

"ವೈನಿ, ಏನ್ ಮಾಡ್ಲಿಕತ್ತೀರಿ?"

"ಕುಣೀಲಿಕತ್ತೀನಿ. ಈ ಹೊತ್ತಿನಾಗ ಮನ್ಯಾಗ ಏನ್ ಮಾಡ್ತಾರಪ್ಪ?"

"ಸಪ್ಪಳ ಕೇಳ್ಸಲಿಕತ್ತದ. ನಿಲ್ಲಸಬ್ಯಾಡ್ರಿ. ಬಡಕೋತ ಕೇಳ್ರಿ."

ಫೋನಿನಲ್ಲಿ ಇದ್ದವನು ಚನ್ನು. ನಾನು ಅವನಿಗೆ ವೈನಿ, ಅಂದರೆ ಅತ್ತಿಗೆ. ಅವನು ನಮ್ಮ ಮನೆಯವರ ಕೊನೆಯ ತಮ್ಮ. ಹೆಸರು ಚನ್ನವೀರ. ಇರುವುದು ಪುಣೆಯಲ್ಲಿ, ಕೆಲಸ ಬರೆಯುವುದು. ಅವನು ಹೀಗೆ ಪೀಠಿಕೆ ಹಾಕಿದ ಎಂದರೆ ಹಿಂದೆ ಏನೋ ಭಾರವಾದದ್ದು ಬರುತ್ತಿದೆ ಎಂದೇ ಅರ್ಥ. ಚಿಕ್ಕವನಿದ್ದಾಗಲೂ ಅಷ್ಟೆ, ಗಾಜಿನ ಬಳೆ ಒಡೆದ ದಿನ ಮೊದಲು ಬಂದು "ವೈನಿ, ನಿಮಗ ಕಾಲು ಒತ್ಲೇನು?" ಎಂದು ಕೇಳುತ್ತಿದ್ದ.

ವಿಷಯ ಇಷ್ಟು. ಅವನು ಊರೂರು ತಿರುಗಿ ಬರೆದದ್ದೆಲ್ಲ ಒಂದು ಪುಸ್ತಕವಾಗಿ ಬರುತ್ತಿದೆಯಂತೆ. ಇಂಗ್ಲಿಷಿನಲ್ಲಿ ಬರುತ್ತದೆ, ಕನ್ನಡದಲ್ಲೂ ಬರುತ್ತದೆ. ಪುಸ್ತಕದ ಮೊದಲ ಬರಹವೇ ನಮ್ಮ ಮನೆಯದು. ಅದರಲ್ಲಿ ಅವನು ತನ್ನ ಬಗ್ಗೆ, ತಾನು ಯಾರೊಂದಿಗೆ ಬಾಳುತ್ತಿದ್ದೇನೆ ಎಂಬುದರ ಬಗ್ಗೆ, ಹೆಸರು ಹಿಡಿದು ಬರೆದಿದ್ದಾನೆ.

"ಅಣ್ಣಗ ನೀವ ಹೇಳ್ರಿ ವೈನಿ. ನನಗ ಧೈರ್ಯ ಸಾಲವಲ್ದು. ಅಣ್ಣ ಬ್ಯಾಡ ಅಂದ್ರ ಆ ಒಂದು ಬರಹ ತೆಗೀತೀನಿ. ಸಂಜಿ ಒಳಗ ಪುಸ್ತಕ ಅಚ್ಚು ಹಾಕೋರಿಗೆ ತಿಳಸಬೇಕು."

"ತೆಗದ್ರ ಪುಸ್ತಕ ಉಳೀತದೇನು?"

ಅವನು ತಡೆದು ಹೇಳಿದ: "ಪುಸ್ತಕ ಉಳೀತದ ವೈನಿ. ನಾ ಅದರಾಗ ಇರಂಗಿಲ್ಲ, ಅಷ್ಟ."

ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು.

ಉಳಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಒಲೆ ಆರಿಸಿ, ಸುಮ್ಮನೆ ನೆಲದ ಮೇಲೆ ಕುಳಿತೆ. ಶಹಾಬಾದಿನ ಮನೆಗಳಲ್ಲಿ ಕುರ್ಚಿ ಇದ್ದರೂ ಮನಸ್ಸು ಭಾರವಾದಾಗ ಕೂರುವುದು ನೆಲದ ಮೇಲೆಯೇ. ಇಲ್ಲಿಯ ಫರಶಿ ಕಲ್ಲು ಎಂಥ ಬಿಸಿಲಲ್ಲೂ ತಣ್ಣಗಿರುತ್ತದೆ. ಅಂಗಾಲಿನಿಂದ ಏರಿ ಬರುವ ಆ ತಂಪು ಮೊದಲು ಮಂಡಿಗೆ, ಆಮೇಲೆ ಎದೆಗೆ ಬರುತ್ತದೆ. ದೂರದಲ್ಲಿ ವಾಡಿಯ ಕಡೆಗೆ ಹೋಗುವ ರೈಲುಗಾಡಿ ಕೂಗಿದರೆ ನೆಲ ಒಂದಿಷ್ಟು ನಡುಗಿದಂತೆ ಅನ್ನಿಸುತ್ತದೆ. ಅದು ನನ್ನ ಭ್ರಮೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಬಹುದು. ನನಗೆ ಆ ಭ್ರಮೆ ಇಷ್ಟ.

ಚಿಂಚೋಳಿಯ ಕಡೆಯಿಂದ, ಚಂದಾಪುರದ ನನ್ನ ತವರಿನಿಂದ, ಮದುವೆಯಾಗಿ ನಾನು ಈ ಮನೆಗೆ ಬಂದಾಗ ಚನ್ನು ಇದೇ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿರುತ್ತಿದ್ದ. ಹೊಸ ವೈನಿಯನ್ನು ನೋಡಲು ಓಣಿಯ ಮಕ್ಕಳೆಲ್ಲ ಬಾಗಿಲಲ್ಲಿ ನೆರೆದಿದ್ದರೆ ಇವನಿಗೆ ಅದರ ಪರಿವೆಯೇ ಇಲ್ಲ. ಏನು ಮಾಡುತ್ತಿದ್ದಾನೆ ಎಂದು ಬಗ್ಗಿ ನೋಡಿದೆ. ಕಲ್ಲಿನೊಳಗಿನ ಗೆರೆಗಳ ಮೇಲೆ ಬೆರಳು ಓಡಿಸುತ್ತಿದ್ದ.

"ಇದು ಸಮುದ್ರ. ಇದು ಹಡಗ ನಿಲ್ಲೋ ಊರು. ನೀವು ಈಗ ಗುಡ್ಡದ ಮ್ಯಾಲ ನಿಂತೀರಿ, ಸರೀರಿ."

ನಾನು ಸರಿದೆ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಆಜ್ಞೆ ಅದು, ಗುಡ್ಡದಿಂದ ಇಳಿ ಎಂಬುದು. ಆಮೇಲೆ ಮಧ್ಯಾಹ್ನಗಳಲ್ಲಿ ಅತ್ತೆ ಮಲಗಿದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಎಷ್ಟೋ ದೇಶ ತಿರುಗಿದ್ದೇವೆ. ಬಾಗಿಲ ಹತ್ತಿರದ ಕಲ್ಲಿನಲ್ಲಿ ಒಂದು ನದಿ ಇತ್ತು, ದೇವರ ಜಗಲಿಯ ಕೆಳಗಿನದರಲ್ಲಿ ಒಂದು ಮರುಭೂಮಿ. ನೆಲ ಒರೆಸುವಾಗ ನದಿಯಲ್ಲಿ ನೀರು ಬಂತೆಂದು ಅವನು ಚಪ್ಪಾಳೆ ತಟ್ಟುತ್ತಿದ್ದ. ಈಗಲೂ ಒರೆಸುವ ಬಟ್ಟೆ ಆ ಕಲ್ಲಿಗೆ ಬಂದಾಗ ನನ್ನ ಕೈ ಸ್ವಲ್ಪ ನಿಧಾನವಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಅವನು ಓದು ಮುಗಿಸಿ, ಒಂದೆರಡು ಕಡೆ ನೌಕರಿ ಮಾಡಿ, ಬಿಟ್ಟು, "ಇನ್ನ ಮ್ಯಾಲ ನಾ ಯಾರ ಕೈಯಾಗೂ ಇರಂಗಿಲ್ಲ, ಕೇಳಿದವರಿಗೆ ಬರದು ಕೊಡ್ತೀನಿ" ಎಂದಾಗ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಂಡವರು ನಮ್ಮ ಮನೆಯವರೊಬ್ಬರೇ. ಅವರದು ಭಂಕೂರ ರಸ್ತೆಯಲ್ಲಿ ಫರಶಿ ಅಂಗಡಿ. "ನಮ್ಮಲ್ಲಿ ಕಲ್ಲು ಕೊಯ್ಯೋರು ಹಂಗ ಅದಾರಲ್ಲ? ಪಗಾರ ಇಲ್ಲ, ಗುತ್ತಿಗಿ. ಇಂವಂದೂ ಬರವಣಿಗಿ ಗುತ್ತಿಗಿ," ಎಂದು ಎಲ್ಲರಿಗೂ ಹೇಳಿಬಿಟ್ಟರು.

ಆದರೆ ಚಿತ್ತಾಪುರದಲ್ಲಿರುವ ನಮ್ಮ ದೊಡ್ಡ ನಾದಿನಿ, ಅಂದರೆ ಇವರಿಬ್ಬರ ಅಕ್ಕ, ಅಷ್ಟಕ್ಕೆ ಬಿಡುವವರಲ್ಲ. ತಮ್ಮನಿಗೆ ಹೆಣ್ಣು ನೋಡಲು ಅವರೇ ಮುಂದಾಳು. ಒಮ್ಮೆ ಅವರ ಜೊತೆ ಬಂದ ಹೆಂಗಸೊಬ್ಬರು ನನ್ನನ್ನು ಕೇಳಿದರು:

"ಹುಡುಗ ಏನ್ ಮಾಡ್ತಾನವ್ವ?"

"ಬರೀತಾನ್ರಿ."

"ಬಾಂಡ್ ಬರೀತಾನೇನು? ತಹಸೀಲಿ ಮುಂದ ಕುಂದರ್ತಾನ? ಭಾಳ ಛಲೋ ಆತು ಬಿಡು. ಆ ಗಿಡದ ಕೆಳಗಿನ ಜಾಗ ಸಿಕ್ಕದೇನು ಅವಗ?"

ಸೇಡಂನಲ್ಲಾಗಲಿ ಚಿಂಚೋಳಿಯಲ್ಲಾಗಲಿ, ಬರೆಯುವವನು ಎಂದರೆ ತಹಸೀಲ್ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಕರಾರುಪತ್ರ ಬರೆದುಕೊಡುವವನೇ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಚಹಾ ತರುತ್ತೇನೆಂದು ಒಳಗೆ ಹೋದೆ. ಉತ್ತರ ಗೊತ್ತಿಲ್ಲದಾಗ ಚಹಾ ತರುವುದು ನನ್ನ ಹಳೆಯ ವಿದ್ಯೆ. ಆ ಚಹಾಕ್ಕೆ ಸಕ್ಕರೆ ಹಾಕುವುದನ್ನೂ ಮರೆತಿದ್ದೆ ಎಂದು ಆಮೇಲೆ ಗೊತ್ತಾಯಿತು.

ಏನು ಬರೆಯುತ್ತಾನೆ ಎಂದು ಹೇಗೆ ಹೇಳಲಿ? ನನಗೇ ಅವನು ನಿಧಾನವಾಗಿ ತಿಳಿಸಿ ಹೇಳಿದ್ದು. ಗಂಡನ್ನೇ ಮೆಚ್ಚುವ ಗಂಡು, ಹೆಣ್ಣನ್ನೇ ಮೆಚ್ಚುವ ಹೆಣ್ಣು, ಹುಟ್ಟಿದ ಮೈ ಒಂದಾದರೆ ಒಳಗಿನ ಮನಸ್ಸು ಇನ್ನೊಂದು ಇರುವವರು. ಅವರೆಲ್ಲರ ಬಾಳು, ಕುಣಿತ, ಹಾಡು, ನಾಟಕ, ಚಿತ್ರ. ಅವುಗಳನ್ನು ಹುಡುಕಿಕೊಂಡು ಇವನು ಊರು ತಿರುಗುತ್ತಾನೆ, ಕಂಡದ್ದನ್ನು ಬರೆಯುತ್ತಾನೆ. ಇದಕ್ಕೆ ಇಂಗ್ಲಿಷಿನಲ್ಲಿ ಕ್ವೀರ್ ಅನ್ನುತ್ತಾರಂತೆ. ನನ್ನ ಬಾಯಲ್ಲಿ ಆ ಶಬ್ದ ಕೀರು ಆಗುತ್ತದೆ, ಪಾಯಸದ ಕೀರು. ಅವನು ನಕ್ಕು, "ಕೀರು ಅಂದ್ರೂ ನಡೀತದ ವೈನಿ, ಸಿಹಿ ಅದ" ಎಂದ.

ಅವನ ಬರಹ ಇರುವ ಪತ್ರಿಕೆಗಳು ಅಂಚೆಯಲ್ಲಿ ಬರುತ್ತವೆ. ನನಗೆ ಇಂಗ್ಲಿಷು ಬರುವುದಿಲ್ಲ, ಚಿತ್ರ ನೋಡುತ್ತೇನೆ. ನೀರು ಕಂಡರೆ ಅದು ಗೋವಾ ಅಂದುಕೊಳ್ಳುತ್ತೇನೆ. ಆಮೇಲೆ ಚನ್ನು ಫೋನಿನಲ್ಲಿ ನಮ್ಮ ಮಾತಿನಲ್ಲೇ ಅದನ್ನು ಓದಿ ಹೇಳುತ್ತಾನೆ. ದೀವಿಗೆ ಹಚ್ಚುವ ಮುಂಚಿನ ಆ ಹೊತ್ತು ನನಗೆ ಭಾಳ ಪ್ರೀತಿಯದು. ಒಂದು ಗುಡಿಯ ಊರಿನಲ್ಲಿ ಅರವತ್ತು ದಾಟಿದ ಒಬ್ಬ ಮಂಗಳಮುಖಿ ಅಜ್ಜಿ ಮಕ್ಕಳಿಗೆ ಕುಣಿತ ಕಲಿಸುತ್ತಾಳೆ. ಬೆಟ್ಟದ ಊರೊಂದರಲ್ಲಿ ಇಬ್ಬರು ಹೆಂಗಸರು ಸೇರಿ ಚಹಾದ ಅಂಗಡಿ ಇಟ್ಟಿದ್ದಾರೆ, ಗೋಡೆಯ ತುಂಬ ತಾವೇ ಬರೆದ ಚಿತ್ರ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ನಾನು ಹೋಗಿರುವುದು ಹೆಚ್ಚೆಂದರೆ ಕೂಡಲಸಂಗಮದವರೆಗೆ, ಆದರೆ ಆ ಬೆಟ್ಟದ ಚಹಾದಲ್ಲಿ ಶುಂಠಿ ಹೆಚ್ಚಾಗಿತ್ತೆಂದು ನನಗೆ ಗೊತ್ತು. ಆ ಪತ್ರಿಕೆಗಳನ್ನೆಲ್ಲ ನನ್ನ ಮದುವೆಯ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಮುಚ್ಚಿದ ಪೆಟ್ಟಿಗೆಯೊಳಗೂ ಅವುಗಳ ಮೇಲೆ ಕಲ್ಲಿನ ಪುಡಿ ಕೂತಿರುತ್ತದೆ. ಶಹಾಬಾದಿನ ಧೂಳಿಗೆ ಬೀಗವಿಲ್ಲ ಎಂದು ಝಾಡಿಸಿ ಮತ್ತೆ ಇಡುತ್ತೇನೆ.

ಪೆಟ್ಟಿಗೆಯ ಮಾತು ಬಂದರೆ ಸೀರೆಯ ಮಾತು ಬರಬೇಕು. ನನ್ನ ಮದುವೆಯ ಸೀರೆಯನ್ನು ನನಗಿಂತ ಚೆನ್ನಾಗಿ ಉಟ್ಟವನು ಒಬ್ಬ ಗಂಡಸು. ಭಂಕೂರಿನ ಬಯಲಾಟದಲ್ಲಿ ರಾಣಿಯ ಪಾತ್ರ ಮಾಡುವವರು, ಹಗಲು ಕಲ್ಲಿನ ಗಣಿಯಲ್ಲಿ ಕೆಲಸ. ಆ ವರ್ಷ ಅವರ ಸೀರೆ ಹರಿದಿತ್ತು. ನಮ್ಮ ಮನೆಯವರು ಪರಿಚಯದ ಮೇಲೆ ನನ್ನನ್ನು ಕೇಳದೆಯೇ ಹೂಂ ಅಂದು ಬಂದಿದ್ದರು. ನಾನು ಎರಡು ದಿನ ಮಾತು ಬಿಟ್ಟೆ. ಆಟ ಮುಗಿದ ಮರುದಿನ ಬೆಳಿಗ್ಗೆ ಆ ಮನುಷ್ಯ ಸೀರೆ ತಂದುಕೊಟ್ಟರು. ಒಗೆದು, ಇಸ್ತ್ರಿ ಮಾಡಿಸಿ, ನಾನು ಎಂದೂ ಮಡಚದಷ್ಟು ನೇರವಾಗಿ ಮಡಚಿ ತಂದಿದ್ದರು. ಕೊಟ್ಟು ಹೋಗದೆ ಅಂಗಳದಲ್ಲೇ ನಿಂತರು.

"ತಂಗಿ, ತಪ್ಪ ತಿಳೀಬ್ಯಾಡವ್ವ. ನೀ ನಿರಿಗಿ ಹಿಡಿಯೋದು ಸಡ್ಲ ಅದ, ನೋಡಿದೆ. ಹೆಬ್ಬೆರಳು ಒಳಗ ಇಡು, ಬಿಚ್ಚಂಗಿಲ್ಲ."

ತಮ್ಮ ಟವೆಲಿನಲ್ಲೇ ನಿರಿಗೆ ಹಿಡಿದು ತೋರಿಸಿದರು. ಬೆರಳ ಸಂದಿಯಲ್ಲಿ ಸುಣ್ಣದ ಕಲ್ಲಿನ ಬಿಳುಪು ಇತ್ತು, ನಿರಿಗೆ ಮಾತ್ರ ಎಣ್ಣೆಯಂತೆ ಜಾರಿತು. ನನ್ನ ಪಕ್ಕದಲ್ಲಿ ನಿಂತಿದ್ದ ಚನ್ನು ಉಸಿರು ಬಿಡದೆ ನೋಡುತ್ತಿದ್ದ. ಅವರು ಹೋದ ಮೇಲೆ ಕೇಳಿದ: "ವೈನಿ, ಅವರು ಹಗಲಿನಾಗೂ ರಾಣಿ ಆಗಿರಬೇಕು ಅಂದ್ರ ಏನ್ ಮಾಡಬೇಕು?"

ನಾನು ಚಹಾ ಮಾಡಲು ಒಳಗೆ ಹೋದೆ. ಹೇಳಿದೆನಲ್ಲ, ನನ್ನ ಹಳೆಯ ವಿದ್ಯೆ. ಆದರೆ ಅಂದಿನಿಂದ ಹೆಬ್ಬೆರಳು ಒಳಗಿಟ್ಟೇ ನಿರಿಗೆ ಹಿಡಿಯುತ್ತೇನೆ, ಬಿಚ್ಚಿಲ್ಲ. ಚನ್ನುವಿನ ಅಚ್ಚಾದ ಮೊದಲ ಬರಹ ಆ ಸೀರೆಯ ಬಗ್ಗೆಯೇ ಇತ್ತು.

ಈಗ ಪ್ರಣಬನ ವಿಷಯಕ್ಕೆ ಬರಬೇಕು. ಇಲ್ಲಿಯವರೆಗೆ ಸುತ್ತಿ ಬಳಸಿ ಬಂದದ್ದು ಅದಕ್ಕಾಗಿಯೇ.

ಮೂರು ವರ್ಷದ ಹಿಂದೆ ಚನ್ನು ಒಬ್ಬ ಗೆಳೆಯನನ್ನು ಕರೆದುಕೊಂಡು ಬಂದ. ಅಸ್ಸಾಮಿನ ಹುಡುಗ, ಹೆಸರು ಪ್ರಣಬ್. ನಾಟಕಗಳಿಗೆ ದೀಪದ ಬೆಳಕು ಬಿಡುವ ಕೆಲಸ. ಮೆಲ್ಲಗೆ ಮಾತಾಡುತ್ತಾನೆ, ಕಡಕ್ ರೊಟ್ಟಿ ಮುರಿದರೆ ಸಪ್ಪಳವಾದೀತೆಂದು ಅಂಗೈಯಲ್ಲಿ ಮುಚ್ಚಿ ಮುರಿಯುತ್ತಾನೆ.

"ನಮ್ಮ ಆಫೀಸಿನ ಗೆಳೆಯ," ಎಂದು ಚನ್ನು ಪರಿಚಯ ಮಾಡಿದ.

ನಮ್ಮ ಮನೆಯವರು ಒಳಗೆ ಬಂದು ನನ್ನ ಕಿವಿಯಲ್ಲಿ ಕೇಳಿದರು: "ಇವಂಗ ಆಫೀಸ ಎಲ್ಲದ?"

ಸುಳ್ಳು ಹೇಳುವುದು ನಮ್ಮ ಚನ್ನುವಿಗೆ ಬರುವುದಿಲ್ಲ. ಅದೂ ಒಂದು ಕೃಪೆ ಎಂದು ಅಂದು ದೀಪದ ಮುಂದೆ ಎಣಿಸಿಕೊಂಡೆ. ಸಂಜೆ ದೀಪ ಹಚ್ಚಿದಾಗ ಆ ದಿನ ಶಿವ ಕೊಟ್ಟ ಚಿಕ್ಕ ಚಿಕ್ಕ ಕೃಪೆಗಳನ್ನು ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಹಾಲು ಉಕ್ಕಲಿಲ್ಲ, ಹಪ್ಪಳ ಒಣಗುವತನಕ ಮಳೆ ತಡೆಯಿತು. ದೊಡ್ಡದನ್ನು ಕೇಳುವುದಿಲ್ಲ, ಕೇಳಲು ನಾಚಿಕೆ.

ಅಂದು ಮಧ್ಯಾಹ್ನ ಅಣ್ಣ, ತಮ್ಮ, ಗೆಳೆಯ ಮೂವರನ್ನೂ ಊಟಕ್ಕೆ ಕೂರಿಸಿದೆ. ನಮ್ಮದು ಲಿಂಗವಂತರ ಮನೆ. ಉಣ್ಣುವ ಅನ್ನ ಪ್ರಸಾದ, ಅದರ ಒಂದು ಅಗುಳೂ ಕೆಡಬಾರದು. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿಯುತ್ತೇವೆ. ಹೊರಗಿನ ಅತಿಥಿಗಳಿಗೆ ಇದನ್ನು ಹೇಳುವುದಿಲ್ಲ, ಅವರು ಹೇಗೆ ಉಂಡರೂ ಸರಿ. ನಮ್ಮ ಅತ್ತೆ ಇದಕ್ಕೆ ಇನ್ನೊಂದನ್ನು ಸೇರಿಸಿದ್ದರು. ಕುಡಿದ ಮೇಲೆ ಒದ್ದೆ ಬೆರಳನ್ನು ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿಗೆ ಒತ್ತಿಕೊಳ್ಳುವುದು. ಯಾವ ಮಠದಲ್ಲೂ ಇದನ್ನು ನಾನು ಕಂಡಿಲ್ಲ. ಅದು ಅತ್ತೆಯದೇ, ಈ ಮನೆಯದೇ. ನಾನು ಸೊಸೆಯಾಗಿ ಬಂದು ಎಷ್ಟೋ ದಿನ ಅದನ್ನು ಮರೆತು ಎದ್ದುಬಿಡುತ್ತಿದ್ದೆ. ಬರಬರುತ್ತ, ಯಾರೂ ಹೇಳದೆ, ಒಂದು ದಿನ ನನ್ನ ಬೆರಳು ತಾನೇ ಕಣ್ಣಿಗೆ ಹೋಯಿತು. ಅಂದು ಅತ್ತೆ ನನ್ನನ್ನು ನೋಡಿ ನಕ್ಕಿದ್ದರು. ನಾನು ಈ ಮನೆಯವಳಾದದ್ದು ಮದುವೆಯಲ್ಲಿ ತಲೆಯ ಮೇಲೆ ಅಕ್ಕಿಕಾಳು ಬಿದ್ದ ದಿನವಲ್ಲ, ಆ ದಿನ ಎಂದು ನನಗೆ ಅನ್ನಿಸುತ್ತದೆ.

ಅಂದು ಎಲ್ಲರಿಗಿಂತ ಮೊದಲು ಊಟ ಮುಗಿಸಿದವನು ಪ್ರಣಬ್. ನಾನು ನಮ್ಮ ಮನೆಯವರ ತಾಟಿಗೆ ಬೇಳೆ ಹಾಕುತ್ತಿದ್ದೆ. ಚನ್ನು ಏನೋ ಹೇಳುತ್ತಿದ್ದ, ಪ್ರಣಬ್ ಅವನ ಮಾತು ಕೇಳುತ್ತಲೇ ಚರಗಿಯಿಂದ ತಾಟಿಗೆ ನೀರು ಹಾಕಿಕೊಂಡ. ಬೆರಳು ಸುತ್ತಲೂ ಆಡಿಸಿದ. ಎತ್ತಿ ಕುಡಿದ. ಆಮೇಲೆ ಆ ಒದ್ದೆ ಬೆರಳನ್ನು ಎಡಗಣ್ಣಿಗೆ ಒತ್ತಿದ, ಬಲಗಣ್ಣಿಗೆ ಒತ್ತಿದ.

ಅವನಿಗೆ ತಾನು ಏನು ಮಾಡಿದೆ ಎಂಬುದೇ ಗೊತ್ತಿರಲಿಲ್ಲ. ನೋಡಿ ಮಾಡಿದ್ದಲ್ಲ ಅದು. ನೋಡಿ ಮಾಡಲು ಇನ್ನೂ ಯಾರೂ ತಾಟು ತೊಳೆದಿರಲಿಲ್ಲ. ದಿನಾ ಒಂದೇ ಒಲೆಯದನ್ನು ಒಬ್ಬರ ಎದುರು ಒಬ್ಬರು ಕುಳಿತು ಉಂಡವರಿಗೆ ಮಾತ್ರ ಹಾಗೆ ಕೈ ತಾನಾಗಿ ಹೋಗುತ್ತದೆ. ನನ್ನ ಕೈಯಲ್ಲಿ ಬೇಳೆಯ ಸೌಟು ಹಾಗೇ ನಿಂತಿತು. ಅಸ್ಸಾಮಿನ ಆ ಹುಡುಗನ ಬೆರಳಲ್ಲಿ, ತೀರಿಹೋದ ನಮ್ಮ ಅತ್ತೆ ಒಂದು ಕ್ಷಣ ಬಂದು ಹೋದಂತಾಯಿತು.

ಗೊತ್ತಾಗಿಬಿಟ್ಟಿತು ನನಗೆ. ಹೆದರಿಕೆಯಾಯಿತೇ ಎಂದು ನೀವು ಕೇಳಬಹುದು. ಆಯಿತು. ಆದರೆ ಹೆದರಿಕೆಗಿಂತ ಮೊದಲು ಬಂದದ್ದು ಇನ್ನೊಂದು ವಿಚಾರ. ಪಾಪ, ಇವನೂ ನನ್ನ ಹಾಗೆ ಬೇರೆ ಊರಿನಿಂದ ಬಂದು ಈ ಮನೆಯ ರೂಢಿ ಕಲಿತವನು. ನನಗೆ ಕಲಿಸಲು ಅತ್ತೆ ಎದುರಿಗೆ ಇದ್ದರು. ಇವನು ಅವರ ಮುಖವನ್ನೂ ಕಂಡಿಲ್ಲ.

ಮೈದುನನ ಜೊತೆಗಾರನಿಗೆ ನಾನು ಏನಾಗಬೇಕು? ಅದಕ್ಕೆ ನಮ್ಮಲ್ಲಿ ಶಬ್ದವಿಲ್ಲ. ಎರಡು ದಿನ ಯೋಚಿಸಿ ಬಿಟ್ಟೆ. ಅವನು ಚನ್ನುವನ್ನು ನೋಡಿ ನನ್ನನ್ನು ವೈನಿ ಅಂದ, ನಾನು ಓ ಅಂದೆ. ಅಲ್ಲಿಗೆ ಅದು ತೀರಿತು.

ಅವರನ್ನು ಕಳಿಸಲು ವಾಡಿ ಜಂಕ್ಷನ್ನಿಗೆ ನಾನೇ ಹೋದೆ. ಗಾಡಿ ತಡ. ಪ್ರಣಬ್ ನೀರಿನ ಬಾಟಲಿ ತರಲು ಹೋಗಿದ್ದ. ಸಿಮೆಂಟು ಕಾರ್ಖಾನೆಯ ಧೂಳು ಸೇರಿ ವಾಡಿಯ ಸಂಜೆ ಬೆಳಕು ಹಾಲು ಹಾಕಿದ ಚಹಾದಂತೆ ಇರುತ್ತದೆ. ಎಲ್ಲವೂ ಅದರಲ್ಲಿ ಸ್ವಲ್ಪ ಕನಸಿನಂತೆ ಕಾಣುತ್ತದೆ. ಚನ್ನು ಹಳಿಗಳನ್ನೇ ನೋಡುತ್ತ ಹೇಳಿದ:

"ವೈನಿ, ಪ್ರಣಬ್ ನನಗ ಬರೇ ಗೆಳೆಯ ಅಲ್ಲ."

"ಗೊತ್ತದ."

ಅವನು ತಿರುಗಿ ನೋಡಿದ. ಕಣ್ಣು ತುಂಬಿದ್ದವು.

"ರೊಟ್ಟಿ ಗಂಟಿನ ಮ್ಯಾಲ ಭಾರ ಇಡಬ್ಯಾಡ್ರಿ," ಅಂದೆ. "ಮುರದು ಪುಡಿ ಆಗ್ತಾವ."

ಅಷ್ಟೇ ನಮ್ಮ ಮಾತು. ಅದಕ್ಕಿಂತ ಹೆಚ್ಚು ಆಡಲು ನನಗೆ ಬರಲಿಲ್ಲ, ಗಾಡಿಯೂ ಬಂತು.

ಆದರೆ ಅಣ್ಣನಿಗೆ ಹೇಳುವುದು ಬಾಕಿ ಉಳಿಯಿತು. ನಾನು ನಮ್ಮ ಮನೆಯವರಿಗೆ ಹೆದರುವುದಿಲ್ಲ, ಅವರು ಸುಮ್ಮನಾಗುವುದಕ್ಕೆ ಹೆದರುತ್ತೇನೆ. ತಂದೆ ಇಲ್ಲದ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಅವರು ಒಮ್ಮೆ ಬೇಡ ಎಂದು ಸುಮ್ಮನಾದರೆ ಚನ್ನು ಈ ಊರಿನ ಕಡೆ ಮುಖ ಮಾಡುವುದಿಲ್ಲ. ಅದಕ್ಕೇ ಆ ಮಾತನ್ನು ನಾಳೆ ನಾಳೆ ಎಂದು ಮುಂದೆ ತಳ್ಳಿದ್ದೆ. ನಡುವೆ ಒಮ್ಮೆ ಅಕ್ಕ ಸೇಡಂ ಕಡೆ ಕುರಕುಂಟಾದಲ್ಲಿ ಚನ್ನುವಿಗೆ ಹೆಣ್ಣು ನೋಡಿದರು. ನೋಡಲು ನಮ್ಮ ಮನೆಯವರು ಹೋಗಿದ್ದರು. ಆ ದಿನ ನಾನು ದೇವರ ಜಗಲಿಯ ಮುಂದಿನಿಂದ ಏಳಲೇ ಇಲ್ಲ. ಸಂಜೆ ಬಂದು ಚಪ್ಪಲಿ ಬಿಡುತ್ತ, "ಆಗಂಗಿಲ್ಲ. ಆ ಮನಿ ನೀರು ಉಪ್ಪದ," ಅಂದರು. ನೀರು ಉಪ್ಪೆಂದು ಸಂಬಂಧ ಬಿಟ್ಟ ಮನುಷ್ಯನನ್ನು ಕಂಡು ಅಕ್ಕ ತಿಂಗಳುಗಟ್ಟಲೆ ಬೈದರು. ನಾನೂ ಎಷ್ಟೋ ಸಲ ಹಂಗಿಸಿ ನಕ್ಕಿದ್ದೇನೆ. ಒಳಗೊಳಗೆ ಆ ಉಪ್ಪು ನೀರಿಗೆ ಕೈ ಮುಗಿದಿದ್ದೇನೆ.

ಇಷ್ಟೆಲ್ಲ ನೆನೆದು, ಎದ್ದು ಪಲ್ಯ ಬಿಸಿ ಮಾಡಿ ಉಪ್ಪು ಹಾಕುವಷ್ಟರಲ್ಲಿ ನಮ್ಮ ಮನೆಯವರ ಗಾಡಿಯ ಸಪ್ಪಳ ಕೇಳಿಸಿತು. ಊಟದ ಹೊತ್ತಾಗಿತ್ತು.

ಹುಬ್ಬಿನ ಮೇಲೆ ಕಲ್ಲಿನ ಪುಡಿ ಇಟ್ಟುಕೊಂಡೇ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಬಂದು ಕುಳಿತರು. ರೊಟ್ಟಿ, ಪುಂಡಿಪಲ್ಯ, ಬೇಳೆ ಬಡಿಸಿದೆ.

"ಇವತ್ತ ಪಲ್ಯಾಕ್ಕ ಉಪ್ಪ ಭಾಳ ಆಗ್ಯದ. ಏನ್ ವಿಚಾರದಾಗ ಇದ್ದಿ?"

"ಚನ್ನು ಫೋನ್ ಮಾಡಿದ್ದ."

"ಅಂವ ಫೋನ್ ಮಾಡಿದ್ರ ಉಪ್ಪ ಭಾಳ ಬೀಳ್ತದೇನು?"

"ಅವಂದು ಪುಸ್ತಕ ಬರ್ಲಿಕತ್ತದಂತ."

"ಛಲೋ ಆತಲ್ಲ."

"ಕನ್ನಡದಾಗೂ ಬರ್ತದಂತ."

"ಇನ್ನೂ ಛಲೋ ಆತು. ನೀನೂ ಓದ್ತಿ."

"ಮನೀದು ಬರದಾನಂತ್ರಿ. ತನ್ನದೂ ಬರದಾನಂತ." ಸೌಟನ್ನು ಬೇಳೆಯ ಪಾತ್ರೆಗೆ ಇಳಿಸಿದೆ. "ತನ್ನದು ಮತ್ತ… ಪ್ರಣಬಂದು."

ಅವರ ಕೈ ನಿಂತಿತು. ಆಮೇಲೆ ಮತ್ತೆ ರೊಟ್ಟಿ ಮುರಿದರು. ಪಲ್ಯ ಮುಗಿಸಿದರು, ಬೇಳೆ ಮುಗಿಸಿದರು. ನಾನು ಒಳಗೊಳಗೆ ಶಿವಶಿವ ಅನ್ನುತ್ತಿದ್ದೆ. ಚಹಾ ತರುತ್ತೇನೆಂದು ಏಳಲು ಹೊರಟೆ.

"ಕುಂದರು," ಅಂದರು.

ತಾಟಿಗೆ ನೀರು ಹಾಕಿದರು, ತೊಳೆದರು, ಕುಡಿದರು. ಎಡಗಣ್ಣಿಗೆ ಬೆರಳು ಒತ್ತಿದರು. ಬಲಗಣ್ಣಿಗೆ ಒತ್ತಿದ ಬೆರಳನ್ನು ಬೇಗ ತೆಗೆಯಲಿಲ್ಲ.

"ಅಂವ ಇಲ್ಲೇ ಕುಂತಿದ್ದ ಅವತ್ತು," ಎಂದು ಎದುರಿನ ಕಲ್ಲನ್ನು ತೋರಿಸಿದರು. "ತಾಟು ತೊಳದು ಕುಡದ. ಅದು ಬಿಡು, ಯಾರಾದ್ರೂ ಕಲೀತಾರ. ಕಣ್ಣಿಗಿ ಹಚ್ಕೊಂಡ. ಅವ್ವನಂಗ. ಮೊದಲ ಎಡಗಡಿ."

"ನೀವು ನೋಡಿದ್ರೇನು? ಬೇಳಿ ಹಾಕ್ಸ್ಕೊಳ್ಳಿಕತ್ತಿದ್ರಲ್ಲ?"

"ಬೇಳಿ ಹಾಕ್ಸ್ಕೊಳ್ಳವಗ ಕಣ್ಣ ಇರಂಗಿಲ್ಲೇನು?"

"ಮೂರು ವರ್ಷ ಆತು. ಒಂದ ಮಾತ ಆಡಿಲ್ಲ ನೀವು."

"ನೀ ಆಡಿದೇನು?"

ಒಂದೇ ತಾಟಿನ ಎರಡು ಕಡೆ ಕುಳಿತು ನಾವಿಬ್ಬರೂ ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಕಾಣದಂತೆ ಮುಚ್ಚಿಟ್ಟಿದ್ದೆವು. ಖಾಲಿ ತಾಟನ್ನು ನನ್ನ ಕಡೆ ಎಳೆದುಕೊಳ್ಳುತ್ತ ಕೇಳಿದೆ:

"ಹಂಗಾದ್ರ ಕುರಕುಂಟಾದ ಆ ಮನಿ ನೀರು?"

"ಸಿಹಿ ಇತ್ತು. ಒಂದು ಚರಗಿ ಪೂರಾ ಕುಡದು ಬಂದೆ." ನೆಲ ನೋಡುತ್ತ ಹೇಳಿದರು. "ಹುಡುಗಿ ಭಾಳ ಛಲೋ ಇತ್ತು. ಅದರ ಸಲವಾಗೇ ಬ್ಯಾಡ ಅಂದೆ."

ಗೋಡೆಯ ಆಚೆ ಯಾರೋ ಕಲ್ಲು ಕೊಯ್ಯುವ ಯಂತ್ರ ಹಚ್ಚಿದರು. ಅದು ನಿಲ್ಲುವತನಕ ಕಾದೆವು.

"ಮಂದಿ ಅಂತಾರ್ರಿ," ಅಂದೆ.

"ಅಂತಾರ. ಅನ್ನಂಗಿಲ್ಲ ಅಂತ ನಾ ಹೇಳಂಗಿಲ್ಲ. ನನಗೂ ಪೂರಾ ತಿಳದದ ಅಂತಿಲ್ಲ. ಎಷ್ಟೋ ಸಲ ಅಂಗಡ್ಯಾಗ ಕುಂತು ವಿಚಾರ ಮಾಡೀನಿ, ತಲಿ ಕೆಟ್ಟದ." ಕೈ ಒರೆಸಿಕೊಂಡರು. "ಆದ್ರ ಅವ್ವನ ರೂಢಿ ಇಟ್ಕೊಂಡವಗ ಹೊರಗಿನಾಂವ ಅನ್ನಲಿಕ್ಕ ನನಗ ಬಾಯಿ ಬರವಲ್ದು. ಬರೀಲಿ."

"ಅಕ್ಕಗ?"

"ನಾ ಚಿತ್ತಾಪುರಕ್ಕ ಹೋಗಿ ಹೇಳ್ತೀನಿ. ಫೋನಿನಾಗ ಹೇಳೋ ಮಾತಲ್ಲ. ಬೈತಾಳ. ಬೈಸ್ಕೊಂಡು ಬರ್ತೀನಿ. ಊಟಕ್ಕ ನಿಲ್ಸಂಗಿಲ್ಲ, ನೀ ರೊಟ್ಟಿ ಕಟ್ಟಿ ಕೊಡು."

ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಇನ್ನೊಂದು ಹೇಳು ಅವಗ. ಹೋದ ವರ್ಷ ಶಹಾಬಾದಿ ಫರಶಿ ಬೂದಿ ಬಣ್ಣ ಅಂತ ಬರದಾನ. ಫರಶಿ ಮಾರವನ ತಮ್ಮ ಆಗಿ! ನೀರ ಹಾಕಿ ನೋಡು ಅನ್ನು. ನೀಲಿ ಅದ ಅದು."

"ಅದು ಇಂಗ್ಲಿಷಿನಾಗಿತ್ತಲ್ಲ? ನಿಮಗ ಯಾರು ಹೇಳಿದ್ರು?"

"ಅಂಗಡಿಗಿ ಸಾಲಿ ಮಾಸ್ತರು ಬರ್ತಾರ," ಎಂದು ಗೊಣಗಿ, ಗಾಡಿ ಚಾಲು ಮಾಡಿ ಹೋದರು.

ನಾನು ಒಳಗೆ ಹೋಗಿ ಪೆ‌ಟ್ಟಿಗೆ ತೆಗೆದೆ. ಸೀರೆಗಳನ್ನು ಸರಿಸಿದೆ. ಮೇಲಿನ ಪತ್ರಿಕೆಯ ಅಂಚಿನಲ್ಲಿ ಕಲ್ಲಿನ ಪುಡಿ ಎಂದಿನಂತೆ ಕೂತಿತ್ತು. ಇಷ್ಟು ವರ್ಷ ಅದನ್ನು ಧೂಳೆಂದು ಝಾಡಿಸುತ್ತಿದ್ದೆ. ಹತ್ತಿರ ಹಿಡಿದು ನೋಡಿದರೆ ಅದು ಹೆಬ್ಬೆರಳಿನ ಅಗಲಕ್ಕೆ ಕೂತಿತ್ತು, ಫರಶಿ ಅಂಗಡಿಯ ಕೈಯೊಂದು ಹಿಡಿದ ಹಾಗೆ. ಈ ಸಲ ಝಾಡಿಸಲಿಲ್ಲ. ಹಾಗೇ ಮುಚ್ಚಿದೆ.

ಆಮೇಲೆ ಚನ್ನುವಿಗೆ ಫೋನು ಹಚ್ಚಿದೆ. ಒಂದೇ ಸಲಕ್ಕೆ ಎತ್ತಿದ.

"ಅಣ್ಣ ಏನಂದ ವೈನಿ?"

"ಫರಶಿ ನೀಲಿ ಅದ ಅಂತ ಬರಿ ಅಂದ್ರು."

"ಮತ್ತ?"

"ಮತ್ತೇನಿಲ್ಲ. ನೀರ ಹಾಕಿ ನೋಡಬೇಕಂತ."

ಆ ಕಡೆ ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಬಳೆ ಒಡೆದ ದಿನವೂ ಹೀಗೇ ಮಾಡುತ್ತಿದ್ದ, ಎರಡನ್ನೂ ಕೂಡಿಸಿ. ಕೊನೆಗೆ ಫೋನು ಪ್ರಣಬನ ಕೈಗೆ ಹೋಯಿತು.

"ಶರಣಾರ್ಥಿ, ವೈನಿ," ಅಂದ. ಆ ಎರಡು ಶಬ್ದ ಮಾತ್ರ ಅವನಿಗೆ ನಮ್ಮ ಭಾಷೆಯಲ್ಲಿ ನೆಟ್ಟಗೆ ಬರುತ್ತವೆ.

"ಶರಣಾರ್ಥಿ ಬೇಟಾ. ಖಾನಾ ಹುವಾ?" ನನ್ನದು ಶಹಾಬಾದಿನ ಹಿಂದಿ.

"ಹುವಾ ವೈನಿ."

"ಥಾಲಿ ಧೋಕೆ ಪಿಯಾ?" ತಾಟು ತೊಳೆದು ಕುಡಿದೆಯಾ ಎಂದು ಕೇಳಿದೆ.

"ಪಿಯಾ," ಅಂದ. ಅದರಲ್ಲಿ ಕೇಳುವುದೇನಿದೆ ಎಂಬಂತೆ ಅಂದ.

ಫೋನು ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡೆ. ಹಿಟ್ಟಿನ ಮೇಲಿನ ಬಟ್ಟೆ ಒಣಗಿತ್ತು, ಮತ್ತೊಮ್ಮೆ ಒದ್ದೆ ಮಾಡಿ ಮುಚ್ಚಿದೆ. ರೊಟ್ಟಿ ಆಮೇಲೆ ಬಡಿದರಾಯಿತು, ಮೊದಲು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಆಗಬೇಕಿತ್ತು. ಚಿತ್ತಾಪುರದ ಬುತ್ತಿಗೂ ಬೇಕು, ಪುಣೆಯ ಡಬ್ಬಿಗೂ ಬೇಕು. ಬಾಣಲೆ ಇಟ್ಟು ಶೇಂಗಾ ಹುರಿದೆ, ಸಿಪ್ಪೆ ತಿಕ್ಕಿ ಊದಿದೆ, ಬೆಳ್ಳುಳ್ಳಿ ಉಪ್ಪು ಹಾಕಿ ಕುಟ್ಟಿದೆ. ಪ್ರಣಬನಿಗೆ ನಮ್ಮ ಖಾರ ತಡೆಯುವುದಿಲ್ಲ. ಕೆಂಪು ಖಾರದ ಪುಡಿ ಬೀಳುವ ಮೊದಲೇ ಅವನ ಪಾಲು ಬೇರೆ ಬಟ್ಟಲಿಗೆ ತೆಗೆದಿಟ್ಟು, ಮತ್ತೆ ಕುಟ್ಟಲು ಕುಳಿತೆ.